ಪರದೆ ನಂ. 3: ಸೊಳ್ಳೆ ಒಳಗೆ ಬರಲೇ ಇಲ್ಲ, ಆದರೂ ಕಚ್ಚಿತು

ಹ್ಯಾಮಕ್‌ಗೆ (ಹಗ್ಗ ಕಟ್ಟಿ ತೂಗುಹಾಕುವ ಬಟ್ಟೆಯ ಹಾಸಿಗೆ) ನಾನೇ ಹೊಲಿದ ಮೂರನೇ ಸೊಳ್ಳೆ ಪರದೆಯೊಳಗೂ ಸೊಳ್ಳೆ ಹೇಗೆ ಕಚ್ಚುತ್ತಿತ್ತು ಅಂತ ಕೊನೆಗೂ ಗೊತ್ತಾಯಿತು. ಮೂರು ವಾರ ಸುಮ್ನೆ ಜಿಪ್ ಮೇಲೆ ಅನುಮಾನ ಪಟ್ಟೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಬಟ್ಟೆ ಕತ್ತರಿಸಿದ್ದು, ಅಂಚು ಹೊಲಿದದ್ದು, ಹ್ಯಾಮಕ್ ಮೇಲೆ ಪರದೆ ತೂಗುಹಾಕುವ ಹಗ್ಗ, ಅಂದರೆ ರಿಡ್ಜ್‌ಲೈನ್ ಎಳೆದದ್ದು ಎಲ್ಲ ಮಾಮೂಲಿ, ಬಿಡಿ. ಎರಡನೇ ಪರದೆ ಕೆಟ್ಟಿದ್ದು ಬಟ್ಟೆ ಮಾರಿದವರ ಕೃಪೆ. ಸೊಳ್ಳೆಗಿಂತ ಸಣ್ಣ, ಕಚ್ಚುವ ನುಸಿಗೆ ಅಂತ 0.6 ಮಿ.ಮೀ. ಕಣ್ಣಿನ ಬಲೆ ಕೇಳಿದ್ದೆ, ಕಳಿಸಿದ್ದು ಮಾಮೂಲಿ ಸೊಳ್ಳೆ ಪರದೆಯ ಬಟ್ಟೆ, ಕಣ್ಣು ಅದರ ಎರಡರಷ್ಟು. ನುಸಿಯ ಉದ್ದವೇ 1ರಿಂದ 3 ಮಿ.ಮೀ., ಮೈ ಇನ್ನೂ ಸಪೂರ. ನೆಂಟರ ಹಾಗೆ ಸಲೀಸಾಗಿ ಒಳಗೆ ಬಂದವು. ಕೇಳಿದರೆ "ಎಲ್ಲಾ ಒಂದೇ ಸರ್" ಅಂದರು!

ಮೂರನೆಯದಕ್ಕೆ ಸರಿಯಾದ ಬಲೆಯೇ ಸಿಕ್ಕಿತು. ಆದರೂ ಮೊದಲ ರಾತ್ರಿಯೇ ಬೆನ್ನ ತುಂಬ ದದ್ದು. ಟಾರ್ಚ್ ಹಾಕಿ ಹುಡುಕಿದರೆ ಒಳಗೆ ಒಂದು ಸೊಳ್ಳೆಯೂ ಇಲ್ಲ. ಮಾರನೇ ರಾತ್ರಿ ಜಿಪ್ಪಿಗೆ ಟೇಪ್ ಅಂಟಿಸಿ ಮಲಗಿದೆ, ಬೆಳಗ್ಗೆ ಮತ್ತೆ ಅದೇ ಕತೆ. ಆಮೇಲೆ ಕನ್ನಡಿ ಮುಂದೆ ನಿಂತು, ಕತ್ತು ಉಳುಕಿಸಿಕೊಂಡು, ಬೆನ್ನಿನ ಫೋಟೋ ತೆಗೆದೆ. ಮುಖ, ಕೈ ಮೇಲೆ ಒಂದೂ ಇಲ್ಲ. ಇದ್ದದ್ದೆಲ್ಲ ಹೆಗಲ ಹಿಂದೆ ಮತ್ತು ಸೊಂಟದಲ್ಲಿ, ಅಂದರೆ ಹ್ಯಾಮಕ್ ಬಟ್ಟೆ ಮೈಗೆ ಬಿಗಿಯಾಗಿ ಒತ್ತುವ ಜಾಗದಲ್ಲಿ ಮಾತ್ರ. ಒಂದೇ ಪದರದ ತೆಳು ನೈಲಾನ್, ಅದರಾಚೆ ಬೆಚ್ಚಗಿನ ಬೆನ್ನು. ನಮ್ಮ ಉಸಿರು ಹಿಡಿದು ಹತ್ತಿರ ಬರುವ ಹೆಣ್ಣು ಸೊಳ್ಳೆಗೆ ಇನ್ನೇನು ಬೇಕು? ಹೊರಗಿನಿಂದಲೇ ಸೊಂಡಿಲು ಚುಚ್ಚಿ ಊಟ ಮುಗಿಸಿ ಹೋಗಿದೆ. ನಾನು ಮಾಳಿಗೆಗೆ ಬೀಗ ಹಾಕಿ ನೆಲಮಾಳಿಗೆ ತೆರೆದಿಟ್ಟಿದ್ದೆ.

ಒಳಗೆ ಫೋಮ್ ಚಾಪೆ ಹಾಕಿದೆ. ಕೆಲಸ ಮಾಡಿತು, ಆದರೆ ಮಗ್ಗುಲು ಬದಲಿಸಿದಾಗಲೆಲ್ಲ ಜಾರಿ ಸೊಂಟ ಮತ್ತೆ ಅವುಗಳ ಪಾಲು. ಹ್ಯಾಮಕ್ ಹೊರಗಡೆ 0.5% ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸಿಂಪಡಿಸಿ ಒಣಗಿಸಬಹುದಿತ್ತು, ಅದು ಬಟ್ಟೆಗೆ ಮಾತ್ರ, ಮೈಗಲ್ಲ. ಆದರೆ ಹಸಿ ಇದ್ದಾಗ ಬೆಕ್ಕಿಗೆ ವಿಷ, ನಮ್ಮನೆ ಬೆಕ್ಕು ಹ್ಯಾಮಕ್ ತನ್ನದೇ ಅಂದುಕೊಂಡಿದೆ. ಬೇಡ ಅನ್ನಿಸಿತು.

ಕೊನೆಗೆ ಇಡೀ ಹ್ಯಾಮಕ್ಕನ್ನೇ ಕಾಲುಚೀಲದ ಹಾಗೆ ಸುತ್ತುವ ಪರದೆ ಹೊಲಿದೆ. ಕೆಳಗೆ ಒಂದು ಗೇಣು ಜಾಗ ಬಿಟ್ಟಿದ್ದೆ, ಬಹಳ ಹೆಮ್ಮೆಯಿಂದ. ಮಲಗಿದ ತಕ್ಷಣ ಬೆನ್ನು ಬಲೆಗೇ ತಾಗಿತು! ಅಳತೆ ತೆಗೆದದ್ದು ಖಾಲಿ ಹ್ಯಾಮಕ್‌ನಲ್ಲಿ, ನನ್ನ ತೂಕಕ್ಕೆ ಅದು ಎಷ್ಟು ಜಗ್ಗುತ್ತದೆ ಅಂತ ಯೋಚಿಸಿರಲೇ ಇಲ್ಲ. ಹೊಲಿಗೆ ಬಿಚ್ಚಿ, ನಡುವೆ 40 ಸೆಂ.ಮೀ. ಅಗಲದ ಪಟ್ಟಿ ಸೇರಿಸಿದೆ. ನಿನ್ನೆ ರಾತ್ರಿ ಬೆನ್ನಲ್ಲಿ ಸೊನ್ನೆ. ಮೂಗಿನ ತುದಿಯಲ್ಲಿ ಒಂದು, ಬಲೆಗೆ ಮೂಗು ಒತ್ತಿಕೊಂಡು ಮಲಗಿದ್ದೆ ಅನಿಸುತ್ತೆ.

ಅಂದಹಾಗೆ, ಸೊಳ್ಳೆ ದೂರವಿಡಲು ಮೈಗೆ ಹಚ್ಚುವ ಡೀಟ್ ಹಚ್ಚಿದ ಕೈಯಲ್ಲಿ ದಾರದ ಪ್ಲಾಸ್ಟಿಕ್ ಕ್ಲಿಪ್ ಮುಟ್ಟಬೇಡಿ. ನೈಲಾನ್‌ಗೆ ಏನೂ ಆಗಲಿಲ್ಲ, ಕ್ಲಿಪ್ ಮಾತ್ರ ಬೆಲ್ಲದ ಪಾಕದ ಹಾಗೆ ಅಂಟಂಟಾಯಿತು. ಈಗ ಅದೇ ಕೆಲಸ ಮಾಡುವ ಪಿಕಾರಿಡಿನ್‌ಗೆ ಬದಲಾಯಿಸಿದ್ದೇನೆ, ಅದು ಪ್ಲಾಸ್ಟಿಕ್ ತಿನ್ನುವುದಿಲ್ಲ.

ಉಳಿದ ಬಲೆಯಲ್ಲಿ ಅಗಲ ಅಂಚಿನ ಟೋಪಿಗೆ ಮುಖಪರದೆ ಹೊಲಿಯಲು ಶುರು ಮಾಡಿದ್ದೇನೆ. ಬಲೆ ಕಪ್ಪು, ಬಿಳಿಗಿಂತ ಅದರಾಚೆ ಚೆನ್ನಾಗಿ ಕಾಣುತ್ತೆ. ಪರದೆ ಎತ್ತದೆ ನೀರು ಕುಡಿಯುವುದು ಹೇಗೆ ಅನ್ನುವುದಷ್ಟೇ ಬಾಕಿ.