ಕರಿಬೇವಿನ ಪಕ್ಕ ಸ್ಟೀವಿ ವಂಡರ್

ಡೆಟ್ರಾಯಿಟ್ ಹತ್ತಿರದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ನನ್ನವು ಅಂತ ಇರುವುದು ಎರಡೇ. ಒಂದು ರೆಕಾರ್ಡ್ ಪ್ಲೇಯರ್, ಇನ್ನೊಂದು ಅದರ ಪಕ್ಕದ ಕರಿಬೇವಿನ ಕುಂಡ. ಅಕ್ಟೋಬರ್ ಬಂತೆಂದರೆ ಕುಂಡ ಒಳಗೆ ಬರಲೇಬೇಕು, ಇಲ್ಲದಿದ್ದರೆ ಚಳಿಗೆ ಸತ್ತೇ ಹೋಗುತ್ತದೆ. ಮೇಲೊಂದು ದೀಪ ಬೇರೆ ನೇತುಹಾಕಿದ್ದೇನೆ. ಅಷ್ಟು ಮಾಡಿದರೂ ಜನವರಿ ಹೊತ್ತಿಗೆ ಅರ್ಧಕ್ಕರ್ಧ ಎಲೆ ಉದುರಿ, ಒಗ್ಗರಣೆಗೆ ಕೀಳಲು ಪಾಪ ಅನಿಸುತ್ತದೆ.

ಅಂಥದೇ ಒಂದು ಜನವರಿಯಲ್ಲಿ ಆ ಆಲ್ಬಮ್ ಸಿಕ್ಕಿತು. ಹಳೇ ರೆಕಾರ್ಡ್ ಮಾರುವ ಅಂಗಡಿ. ಬೇಡಿಕೆ ಇರುವುದೆಲ್ಲ ಮೇಲಿನ ಸಾಲಿನಲ್ಲಿ, ಯಾರಿಗೂ ಬೇಡದ್ದು ನೆಲದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ. ನಾನು ಯಾವಾಗಲೂ ಮಂಡಿಯೂರಿ ಕೂರುವುದು ಆ ಪೆಟ್ಟಿಗೆಯ ಮುಂದೆಯೇ. ಅದರಲ್ಲಿ ಕಣ್ಣು ಕಾಣದ ಖ್ಯಾತ ಗಾಯಕ ಸ್ಟೀವಿ ವಂಡರ್ ಹೆಸರು ಕಂಡಾಗ ಯಾರೋ ತಪ್ಪಿ ಇಲ್ಲಿ ಹಾಕಿದ್ದಾರೆ ಅಂದುಕೊಂಡೆ. ಇದು ಆತನ ಹಾಡುಗಳನ್ನು ಹೊರತಂದ ಮೋಟೌನ್ ರೆಕಾರ್ಡ್ ಕಂಪನಿ ಹುಟ್ಟಿದ ಊರು, ಸ್ಟೀವಿ ಬೆಳೆದ ಊರು. ಆತನ ರೆಕಾರ್ಡ್ ನೆಲದ ಮೇಲಾ? ಡಬಲ್ ಎಲ್‌ಪಿ, ಅಂದರೆ ಎರಡು ರೆಕಾರ್ಡ್, ಬೆಲೆ 3 ಡಾಲರ್. ಹೆಸರು ‘ಜರ್ನಿ ಥ್ರೂ ದ ಸೀಕ್ರೆಟ್ ಲೈಫ್ ಆಫ್ ಪ್ಲಾಂಟ್ಸ್’, 1979ರದ್ದು. ಕೌಂಟರಿನಲ್ಲಿದ್ದ ಹುಡುಗ ಅದನ್ನು ನೋಡಿ, ‘ಓ, ಗಿಡದ್ದು’ ಅಂತ ನಕ್ಕ.

ರೆಕಾರ್ಡಿನ ರಟ್ಟಿನ ಕವರಿನ ಮೇಲೆ ಬೆರಳಿಗೆ ಏನೋ ತಗುಲಿತು. ಧೂಳು ಅಂತ ಒರೆಸಿದೆ, ಹೋಗಲಿಲ್ಲ. ಬೆಳಕಿಗೆ ಹಿಡಿದರೆ ಬ್ರೈಲ್ ಚುಕ್ಕಿಗಳು! ಹೂವಿನ ಚಿತ್ರವನ್ನೂ ಉಬ್ಬಿಸಿ ಅಚ್ಚು ಹಾಕಿದ್ದಾರೆ. ಹಾಡಿದವನು ಕೈಯಾಡಿಸಿ ತಿಳಿಯಲಿ ಅಂತ. ಇದಕ್ಕೆ ಹೂವಿನ ಪರಿಮಳವನ್ನೂ ಸೇರಿಸಬೇಕು ಅನ್ನುವುದು ಸ್ಟೀವಿಯ ಆಸೆಯಾಗಿತ್ತಂತೆ, ರೆಕಾರ್ಡ್ ಹಾಳಾಗುತ್ತದೆ ಎಂಬ ಭಯಕ್ಕೆ ಕೈಬಿಟ್ಟರು. ನಾನು ಸುಮ್ನೆ ಮೂಸಿ ನೋಡಿದೆ. ಹಳೇ ರಟ್ಟಿನ ವಾಸನೆ ಅಷ್ಟೇ.

ಮೊದಲ ದಿನ ಕೇಳಿ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಕಾಯುತ್ತಿದ್ದದ್ದು ಆತನ ‘ಸೂಪರ್‌ಸ್ಟಿಷನ್’ ಹಾಡಿನ ಥರ ಕುಣಿಸುವ ಫಂಕ್ ಸಂಗೀತಕ್ಕೆ. ಬಂದದ್ದು ಸಿಂಥಸೈಜರಿನ ಗುಡುಗು. ಹೆಂಡತಿ ಮೆಟ್ಟಿಲ ಮೇಲಿಂದಲೇ ಕೂಗಿದಳು: ‘ಏನ್ರೀ ಅದು, ದೆವ್ವದ ಸಿನಿಮಾನಾ?’ ನಾನು ವಾಲ್ಯೂಮ್ ಇಳಿಸಿ, ಎರಡು ಹಾಡು ತಡೆದು, ರೆಕಾರ್ಡ್ ಎತ್ತಿಟ್ಟೆ. ಒಂದು ವರ್ಷ ಅದು ಹಾಗೇ ಕುಂಡದ ಹಿಂದೆ ಬಿದ್ದಿತ್ತು.

ಆವತ್ತಿನ ಜನರಿಗೂ ಹೀಗೇ ಆಗಿರಬೇಕು. 1973, 1974, 1976ರ ಮೂರು ಆಲ್ಬಮ್‌ಗಳಿಗೆ ವರ್ಷದ ಅತ್ಯುತ್ತಮ ಆಲ್ಬಮ್ ಅಂತ ಗ್ರ್ಯಾಮಿ ಪಡೆದಿದ್ದ ಮನುಷ್ಯ. ಆಮೇಲೆ ಮೂರು ವರ್ಷ ಕಾಯಿಸಿ ಕೊಟ್ಟದ್ದು ಒಂದು ಸಾಕ್ಷ್ಯಚಿತ್ರದ ಸಂಗೀತ. ಅದರಲ್ಲೂ ಜಾಸ್ತಿ ಮಾತಿಲ್ಲದ ವಾದ್ಯಸಂಗೀತ. ಚಿತ್ರವನ್ನಂತೂ ಹೆಚ್ಚು ಜನ ನೋಡಲೇ ಇಲ್ಲ. ಸಿನಿಮಾ ಇಲ್ಲದೆ ಬರೀ ಹಿನ್ನೆಲೆ ಸಂಗೀತ ಕೈಗೆ ಕೊಟ್ಟರೆ ಯಾರಿಗೆ ತಲೆಬುಡ ತಿಳಿಯುತ್ತದೆ?

ಆದರೆ ಕಣ್ಣು ಕಾಣದ ಸ್ಟೀವಿ ಸಿನಿಮಾಕ್ಕೆ ಸಂಗೀತ ಮಾಡಿದ್ದಾದರೂ ಹೇಗೆ? ಇದನ್ನು ಓದಿದಾಗ ನನಗೆ ಆಲ್ಬಮ್ ಮತ್ತೆ ನೆನಪಾದದ್ದು. ನಿರ್ಮಾಪಕ ಮೈಕೇಲ್ ಬ್ರಾನ್ ತೆರೆಯ ಮೇಲೆ ಏನಾಗುತ್ತಿದೆ ಎಂದು ಒಂದೊಂದೇ ದೃಶ್ಯವನ್ನು ಬಿಡಿಸಿ ಹೇಳುತ್ತಿದ್ದರು. ಯಾವ ದೃಶ್ಯ ಎಷ್ಟು ಹೊತ್ತು ಅಂತ ಸೌಂಡ್ ಎಂಜಿನಿಯರ್ ಗ್ಯಾರಿ ಒಲಜಬಾಲ್ ಹೇಳುತ್ತಿದ್ದರು. ಇದೆಲ್ಲ ನಾಲ್ಕು ಟ್ರ್ಯಾಕಿನ ಟೇಪಿಗೆ ಹೋಗಿ, ಉಳಿದ ಜಾಗದಲ್ಲಿ ಸ್ಟೀವಿ ನುಡಿಸುತ್ತಿದ್ದ. ನಮ್ಮ ಊರಲ್ಲಿ ಅಜ್ಜಿಯ ಪಕ್ಕ ಕೂತು ಟಿವಿಯಲ್ಲಿ ಏನು ಬರ್ತಿದೆ ಅಂತ ಹೇಳುತ್ತಾ ಹೋಗ್ತೀವಲ್ಲ, ಹಾಗೆ. ಮೊಗ್ಗು ಬಿರಿಯುವುದನ್ನು ಬರೀ ಮಾತಲ್ಲಿ ಕೇಳಿ ಅದಕ್ಕೆ ರಾಗ ಹಾಕುವುದು!

ಒಂದು ಶನಿವಾರ ಹಿಮ ಬಿದ್ದು ಕಾರು ತೆಗೆಯುವ ಹಾಗಿರಲಿಲ್ಲ. ಬೇಸ್‌ಮೆಂಟಿಗೆ ಇಳಿದು ಕುಂಡದ ಹಿಂದಿನಿಂದ ರೆಕಾರ್ಡ್ ತೆಗೆದೆ. ಈ ಸಲ ಗುಡುಗನ್ನು ದಾಟಿದೆ. ಮೂರನೆಯದು ‘ವಾಯೇಜ್ ಟು ಇಂಡಿಯಾ’. ಸಿತಾರ್ ಕೇಳಿಸಿತು. ಅಯ್ಯೋ, ಮತ್ತದೇ ಅಗರಬತ್ತಿ ಇಂಡಿಯಾ ಅಂತ ಮೂಗು ಮುರಿದೆ. ಅದಾದ ಮೇಲೆ ‘ಸೇಮ್ ಓಲ್ಡ್ ಸ್ಟೋರಿ’, ಮೆಲ್ಲನೆಯ ಹಾಡು. ನಾನು ಕುಂಡದ ಮಣ್ಣು ಕೆದಕುತ್ತಾ ಅರ್ಧ ಕಿವಿ ಕೊಟ್ಟಿದ್ದೆ. ನಡುವೆ ‘ಬೋಸ್’ ಅಂತ ಕೇಳಿದ ಹಾಗಾಯಿತು.

ಸೂಜಿ ಎತ್ತಿ ಹಿಂದಕ್ಕೆ ಇಟ್ಟೆ. ಹೌದು, ಬೋಸ್. ಜಗದೀಶ್ ಚಂದ್ರ ಬೋಸ್! ಶಾಲೆಯ ಪಾಠದಲ್ಲಿ ಗಿಡಕ್ಕೂ ನೋವಾಗುತ್ತದೆ ಅಂತ ತೋರಿಸಿದ ಬೋಸರು. ಆ ಪಾಠವಾದ ಮೇಲೆ ನಾವೆಲ್ಲ ಶಾಲೆಯ ಹಿಂದಿನ ಮುಟ್ಟಿದರೆ ಮುನಿಯನ್ನು ಒಂದು ವಾರ ಮುಟ್ಟಿರಲಿಲ್ಲ, ಎಂಟನೇ ದಿನ ಮತ್ತೆ ಶುರು. ಡೆಟ್ರಾಯಿಟಿನ ಸೋಲ್ ಸಂಗೀತದ ಗಾಯಕನ ಬಾಯಲ್ಲಿ ಆ ಹೆಸರು ಕೇಳುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ. 1901ರಲ್ಲಿ ಬೋಸರು ಲಂಡನ್ನಿನಲ್ಲಿ ಪ್ರಯೋಗ ತೋರಿಸಿದಾಗ ಅಲ್ಲಿನ ದೊಡ್ಡವರು ಒಪ್ಪಲಿಲ್ಲ, ರಾಯಲ್ ಸೊಸೈಟಿ ಅವರ ಪ್ರಬಂಧ ಅಚ್ಚು ಮಾಡದೆ ಇಟ್ಟುಕೊಂಡಿತು. ಅದೇ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡದ್ದು 1920ರಲ್ಲಿ. ಹಾಡಿನಲ್ಲಿ ಅವರ ಜೊತೆಗಿರುವವರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮಗಿರಿಯಲ್ಲಿ ಹುಟ್ಟಿ, ಅಲಬಾಮಾದ ಟಸ್ಕೀಗಿ ಸಂಸ್ಥೆಯಲ್ಲಿ ಕಡಲೆಕಾಯಿ ಬೆಳೆಗೆ ಜೀವ ತೇಯ್ದ ಕಪ್ಪು ವಿಜ್ಞಾನಿ. ಇಬ್ಬರ ಮಾತನ್ನೂ ಮೊದಲು ಯಾರೂ ನಂಬಲಿಲ್ಲ, ಯಾವಾಗಲೂ ಇದೇ ಕಥೆ ಅನ್ನುತ್ತದೆ ಹಾಡು.

ಈ ಚಿತ್ರಕ್ಕೆ ಮೂಲವಾದ 1973ರ ಪುಸ್ತಕದಲ್ಲಿ ಗಿಡಗಳು ನಮ್ಮ ಮನಸ್ಸು ಓದುತ್ತವೆ ಅನ್ನುವಂಥದ್ದೂ ಇದೆ. ಅದನ್ನು ನಾನು ನಂಬುವುದಿಲ್ಲ. ನನ್ನ ಮನಸ್ಸು ಓದಿದ್ದರೆ ಈ ಕರಿಬೇವು ಇಷ್ಟು ಹೊತ್ತಿಗೆ ಮರವಾಗಿರಬೇಕಿತ್ತು.

ಆವತ್ತು ನಾಲ್ಕೂ ಬದಿ ಕೇಳಿ ಮುಗಿಸಿದೆ. ‘ರೇಸ್ ಬ್ಯಾಬ್ಲಿಂಗ್’ ಒಂಬತ್ತು ನಿಮಿಷದ ಹತ್ತಿರ ಓಡುತ್ತದೆ, ಮೆಷಿನ್ನಿನೊಳಗೆ ಯಾರೋ ಹಾಡಿದ ಹಾಗೆ. 1979ರದ್ದು ಅಂದರೆ ಯಾರೂ ನಂಬಲ್ಲ. ಕೊನೆಯ ಬದಿಯ ‘ಎ ಸೀಡ್ಸ್ ಎ ಸ್ಟಾರ್’ನಲ್ಲಿ ನಾನು ಹುಡುಕುತ್ತಿದ್ದ ಫಂಕ್ ಕೈತುಂಬ ಇತ್ತು. ಒಂದು ವರ್ಷ ಮುಂಚೆಯೇ ಸೂಜಿಯನ್ನು ಅಲ್ಲಿಟ್ಟಿದ್ದರೆ ಆಗ್ತಿತ್ತು. ಮಧ್ಯೆ ಕೆಲವು ಕಡೆ ಜೊಳ್ಳೂ ಇದೆ. ‘ಎಕ್ಲೀಸಿಯಾಸ್ಟಿಸ್’ ನನಗೆ ಇನ್ನೂ ಒಗ್ಗಿಲ್ಲ.

ಸಂಜೆ ಮೊದಲ ಬದಿಯನ್ನು ಮತ್ತೆ ಹಾಕಿದ್ದಾಗ ಹೆಂಡತಿ ಸಾರಿನ ಒಗ್ಗರಣೆಗೆ ಎಲೆ ಕೀಳಲು ಇಳಿದು ಬಂದಳು. ಬೋಸ್ ಬಗ್ಗೆ ಹೇಳಿದೆ. ‘ಹೌದಾ? ಎಲ್ಲಿ, ಕೇಳಿಸಿ’ ಅಂದಳು. ನಿಂತುಕೊಂಡೇ ಪೂರ್ತಿ ಕೇಳಿದಳು.

‘ಹಂಗಾದ್ರೆ ಇದನ್ನ ಕೀಳಬಹುದೋ ಬೇಡವೋ?’

ನಾನು ಉತ್ತರ ಹುಡುಕುವಷ್ಟರಲ್ಲಿ ಎರಡು ಕಡ್ಡಿ ಮುರಿದುಕೊಂಡು ಮೆಟ್ಟಿಲು ಹತ್ತಿದಳು. ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು, ಹುಳವನ್ನು ಹಿಡಿದು ತಿನ್ನುವ ಗಿಡದ್ದು.