‘ಫೋಟೋದಲ್ಲಿ ಇರೋ ಹಾಗೇ ಕಾಣುತ್ತಾ?’ ಅಂತ ಕೇಳುವವರಿಗೆ

ಕಾಣಲ್ಲ.

ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನ. “ನಾನು ಆಗಲೇ ಅಂದುಕೊಂಡೆ, ಎಲ್ಲಾ ಎಡಿಟಿಂಗ್” ಅಂತ ಬೇರೆ ಮಾತಿಗೆ ಹೊರಳುತ್ತಾರೆ. ರಾತ್ರಿ ಆಕಾಶ ನೋಡಲೆಂದೇ ತಿರುಗಾಡುವ ನನಗೆ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಆಕಾಶಗಂಗೆ ಫೋಟೋದಲ್ಲಿ ನೇರಳೆ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತದಲ್ಲ, ಕಣ್ಣಿಗೂ ಹಾಗೇ ಕಾಣುತ್ತಾ ಅಂತ. ಕೇಳುವ ಧಾಟಿಯೇ ನನಗೆ ಹಿಡಿಸುವುದಿಲ್ಲ. ನಾನೇನೋ ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ.

ಕ್ಯಾಮೆರಾ 15–20 ಸೆಕೆಂಡು ತೆರೆದೇ ಇದ್ದು ಬೆಳಕನ್ನು ಕೂಡಿಹಾಕುತ್ತದೆ. ಕಣ್ಣು ಅಷ್ಟು ಹೊತ್ತು ಬೆಳಕನ್ನು ಕೂಡಿಹಾಕಲಾರದು. ಜೊತೆಗೆ, ಮಂದ ಬೆಳಕಿನಲ್ಲಿ ಕೆಲಸ ಮಾಡುವುದು ಕಣ್ಣಿನ ರಾಡ್ ಕೋಶಗಳು. ಅವಕ್ಕೆ ಬಣ್ಣ ತಿಳಿಯುವುದಿಲ್ಲ. ಹಾಗಾಗಿ ಆಕಾಶಗಂಗೆ ನಮಗೆ ಬೂದುಬಿಳಿಯಾಗಿಯೇ ಕಾಣುತ್ತದೆ. ಚೆನ್ನಾಗಿ ಹೊಳೆಯುವ ನಕ್ಷತ್ರಗಳ ಬಣ್ಣ ಮಾತ್ರ ಬರಿಗಣ್ಣಿಗೇ ಗೊತ್ತಾಗುತ್ತದೆ. ಆರ್ದ್ರಾ, ಜ್ಯೇಷ್ಠಾ ಎರಡೂ ಕೆಂಪು. ರೈಜೆಲ್ ನೀಲಿ ಬೆರೆತ ಬಿಳಿ.

ವಿಜ್ಞಾನದ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಫೋಟೋಗಿಂತ ಕಣ್ಣಿಗೆ ಕಂಡದ್ದು ಕಮ್ಮಿ ಅಂತ ಯಾರು ಹೇಳಿದ್ದು?

ಒಂದು ಸಲ ಬೆಟ್ಟದ ಮೇಲೆ ಸೂರ್ಯಾಸ್ತಕ್ಕೆ ಜನ ಸೇರಿದ್ದರು. ಸೂರ್ಯ ಮುಳುಗಿದ್ದೇ ತಡ, ಚಪ್ಪಾಳೆ ತಟ್ಟಿ ಎಲ್ಲರೂ ಗಾಡಿಗಳ ಕಡೆ ನಡೆದರು. ಒಬ್ಬರಾದರೂ ಪೂರ್ವಕ್ಕೆ ತಿರುಗಿ ನೋಡಲಿಲ್ಲ. ಅಲ್ಲಿ ದಿಗಂತದಿಂದ ನೀಲಿ ಬೂದು ಬಣ್ಣದ ಒಂದು ಪಟ್ಟಿ ಏಳುತ್ತಿತ್ತು. ಅದರ ಮೇಲೆ ತೆಳು ಗುಲಾಬಿ ಅಂಚು. ಆ ನೀಲಿ ಪಟ್ಟಿ ಭೂಮಿಯದೇ ನೆರಳು, ನಮ್ಮ ಗಾಳಿಯ ಮೇಲೆಯೇ ಬಿದ್ದದ್ದು. ಗುಲಾಬಿ ಅಂಚಿಗೆ ‘ಶುಕ್ರನ ಪಟ್ಟಿ’ ಅನ್ನುತ್ತಾರೆ. ಆಕಾಶ ತಿಳಿಯಾಗಿದ್ದ ಪ್ರತಿ ಸಂಜೆಯೂ ಇದು ಕಾಣುತ್ತದೆ. ಹತ್ತು ನಿಮಿಷ ನಿಲ್ಲುವ ತಾಳ್ಮೆ ಬೇಕು, ಅಷ್ಟೇ. ಅಷ್ಟು ದೂರ ಬಂದವರು ಆ ಹತ್ತು ನಿಮಿಷ ಯಾಕೆ ನಿಲ್ಲುವುದಿಲ್ಲ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವತ್ತು ಒಂದು ಕುಟುಂಬ ಮಾತ್ರ ಹಿಂದೆ ಉಳಿಯಿತು. ಅವರ ಮಗಳಿಗೆ ಹತ್ತು ವರ್ಷ ಇರಬಹುದು. ಘಾಟಿಯ ತಿರುವುಗಳಲ್ಲಿ ಬಂದು ಹೊಟ್ಟೆ ತೊಳಸುತ್ತಿತ್ತು. ಸರಿಹೋಗುವವರೆಗೆ ಇಳಿಯುವುದು ಬೇಡ ಅಂತ ಕಾದಿದ್ದರು. ಕತ್ತಲಾದ ಮೇಲೆ ಅವಳ ಅಪ್ಪ ಮೊಬೈಲ್ ಟಾರ್ಚ್ ಹಾಕಿಕೊಂಡು ನನ್ನ ಹತ್ತಿರ ಬಂದರು. ಮೊದಲು ಅದೇ ಪ್ರಶ್ನೆ. ಆಮೇಲೆ ತಲೆ ಎತ್ತಿ ಒಂದು ನಿಮಿಷ ನೋಡಿದರು. “ಇಷ್ಟೇನಾ?” ಅಂದರು. ತಿರುವಿನಾಚೆ ನಿಲ್ಲಿಸಿದ್ದ ಕಾರಿಗೆ ಹೋಗಿ ಕೂತರು.

ಹುಡುಗಿ ಅಮ್ಮನ ಪಕ್ಕ ಬಂಡೆಯ ಮೇಲೆ ಮಲಗಿಯೇ ಇದ್ದಳು. ಕೈಯಲ್ಲಿ ಫೋನ್ ಇಲ್ಲ, ನೋಡಲು ಬೇರೇನೂ ಇಲ್ಲ. ನಾನೂ ಏನೂ ಹೇಳಿಕೊಡಲಿಲ್ಲ. ಸುಮಾರು ಅರ್ಧ ಗಂಟೆ ಆಗಿರಬೇಕು. “ಆಂಟಿ, ಆ ಬೆಳ್ಳಗಿರೋದು ಮಧ್ಯದಲ್ಲಿ ಸೀಳಿದೆ ಅಲ್ವಾ?” ಅಂದಳು.

ಹೌದು, ಸೀಳಿದೆ. ಆಕಾಶಗಂಗೆಯ ನಡುವೆ ಉದ್ದಕ್ಕೂ ಕಪ್ಪು ಸೀಳು ಇದೆ. ಅಲ್ಲಿ ನಕ್ಷತ್ರ ಇಲ್ಲ ಅಂತಲ್ಲ, ದೂಳಿನ ಮೋಡಗಳು ಹಿಂದಿನ ಬೆಳಕಿಗೆ ಅಡ್ಡ ನಿಂತಿವೆ. ಅಪ್ಪನಿಗೆ ‘ಇಷ್ಟೇ’ ಆಗಿದ್ದು ಮಗಳಿಗೆ ಅಷ್ಟು ವಿವರವಾಗಿ ಕಂಡಿತು. ಇಬ್ಬರೂ ನೋಡಿದ್ದು ಒಂದೇ ಆಕಾಶ. ಕತ್ತಲಿಗೆ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ರಾಡ್ ಕೋಶಗಳಲ್ಲಿ ರೊಡಾಪ್ಸಿನ್ ಅನ್ನೋ ವಸ್ತು ಮತ್ತೆ ತುಂಬಿಕೊಳ್ಳಬೇಕು. ಫೋನಿನ ಬಿಳಿ ಬೆಳಕು ಬಿದ್ದರೆ ಅದು ಕ್ಷಣದಲ್ಲಿ ಕರಗುತ್ತದೆ, ಲೆಕ್ಕ ಮತ್ತೆ ಮೊದಲಿಂದ ಶುರು. ದಯವಿಟ್ಟು ಟಾರ್ಚ್‌ಗೆ ಕೆಂಪು ಕಾಗದ ಕಟ್ಟಿ. ರಾಡ್ ಕೋಶಗಳಿಗೆ ಕಡುಗೆಂಪು ಅಷ್ಟಾಗಿ ತಾಗುವುದಿಲ್ಲ.

‘ಎಷ್ಟು ಹೊತ್ತು ಕೂರಬೇಕು?’ ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ‘ಎಲ್ಲಿಗೆ ಹೋಗಬೇಕು?’ ಅಂತಲೇ ಎಲ್ಲರೂ ಕೇಳುತ್ತಾರೆ. ಲಡಾಖಿನ ಹಾನ್ಲೆಗಾ, ಚಿಲಿ ದೇಶದ ಅಟಕಾಮಾ ಮರುಭೂಮಿಗಾ ಅಂತ. ಎರಡೂ ಅದ್ಭುತ ಜಾಗಗಳೇ. ಒಣ ಗಾಳಿ, ಗಾಢ ಕತ್ತಲು. ಆದರೆ ಎತ್ತರಕ್ಕೆ ಹೋದ ಹಾಗೆ ಆಮ್ಲಜನಕ ಕಮ್ಮಿಯಾಗಿ ಕತ್ತಲಲ್ಲಿ ಕಣ್ಣಿನ ಚುರುಕೂ ಸ್ವಲ್ಪ ತಗ್ಗುತ್ತದೆ. ಅಷ್ಟು ದೂರ ಹೋಗಿಯೂ ಐದು ನಿಮಿಷಕ್ಕೊಮ್ಮೆ ಫೋನ್ ತೆಗೆದರೆ ಹೋಗಿ ಏನು ಬಂತು?

ಕತ್ತಲು ಅಪರೂಪವಾಗಿದೆ ಅನ್ನೋದೂ ನಿಜ. 2016ರಲ್ಲಿ ಬಂದ ಜಾಗತಿಕ ಬೆಳಕು ಮಾಲಿನ್ಯದ ನಕ್ಷೆಯ ಪ್ರಕಾರ, ಪ್ರಪಂಚದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜನ ತಾವಿರುವ ಜಾಗದಿಂದ ಆಕಾಶಗಂಗೆಯನ್ನು ನೋಡಲಾರರು. ಅಂಥ ಕಾಲದಲ್ಲಿ ಕತ್ತಲಿರುವ ಜಾಗಕ್ಕೆ ಹೋಗಿ ಹೆಡ್‌ಲೈಟ್ ಉರಿಸಿಟ್ಟುಕೊಂಡು ನಿಲ್ಲುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ನಿಮ್ಮ ಕಣ್ಣಷ್ಟೇ ಅಲ್ಲ, ಅಲ್ಲಿ ಕೂತವರೆಲ್ಲರ ಅರ್ಧ ಗಂಟೆಯೂ ಹಾಳು.

ಕೂತಮೇಲೆ ಏನು ನೋಡಬೇಕು? ಮೊದಲು ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿಯಲಿ. ಅಲ್ಲಿವರೆಗೆ ಪೂರ್ತಿ ರಾತ್ರಿ ಅಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಮೇಲೆ ಬಂದಿದ್ದರೆ ಅದನ್ನು ನೇರವಾಗಿ ದಿಟ್ಟಿಸಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ. ಕಣ್ಣಿನ ನಟ್ಟನಡುವೆ ರಾಡ್ ಕೋಶಗಳಿಲ್ಲ, ಅವು ಸುತ್ತ ಇರುವುದು. ಪಕ್ಕಕ್ಕೆ ನೋಡಿದಾಗಲೇ ಆ ಮಸುಕು ಚುಕ್ಕೆ ಎದ್ದು ಬರುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ. ಬಣ್ಣ ಇಲ್ಲ, ಆಕಾರವೂ ಸರಿಯಾಗಿ ಇಲ್ಲ. ಆದರೂ ಅದು ಪರದೆ ಮೇಲಿನ ಚಿತ್ರ ಅಲ್ಲ, ಅಷ್ಟು ದೂರದಿಂದ ಬಂದ ಬೆಳಕೇ ನನ್ನ ಕಣ್ಣೊಳಗೆ ಇಳಿದಿದೆ. ಇದಕ್ಕೆ ಸಮನಾದ ಫೋಟೋ ನಾನು ನೋಡಿಲ್ಲ.

ಯಾವತ್ತು ಹೋಗಬೇಕು ಅಂದರೆ, ಅಮಾವಾಸ್ಯೆಯ ಹಿಂದುಮುಂದಿನ ದಿನಗಳು ಎಲ್ಲಕ್ಕಿಂತ ಒಳ್ಳೆಯದು. ರಜೆ ಶುಕ್ಲಪಕ್ಷದ ಅಷ್ಟಮಿಗೆ ಸಿಕ್ಕಿದರೂ ಬಿಡಬೇಡಿ. ಚಂದ್ರ ಮಧ್ಯರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಆಮೇಲೆ ಬೆಳಗಿನವರೆಗೆ ಆಕಾಶ ನಿಮ್ಮದೇ. ಹುಣ್ಣಿಮೆಯಾದರೆ ಆಕಾಶಗಂಗೆಯ ಆಸೆ ಬಿಟ್ಟು ಕಣಿವೆಯ ಕಡೆ ಮುಖ ಮಾಡಿ ಕೂತುಕೊಳ್ಳಿ. ಅವತ್ತೂ ಟಾರ್ಚ್ ಬೇಕಾಗುವುದಿಲ್ಲ.