ಸೆಂಟರ್ ನಂಬರ್ 47ರ ನೂರಕ್ಕೆ ನೂರು

ಮೊನ್ನೆ ಮನೆ ಬದಲಿಸುವಾಗ ಹಳೇ ಬ್ಯಾಗಿನಲ್ಲಿ ಒಂದು ಮೊಮೆಂಟೊ ಸಿಕ್ಕಿತು. ಗಾಜಿನಂತೆ ಕಾಣುವ ಪ್ಲಾಸ್ಟಿಕ್, ಒಂದು ಮೂಲೆ ಮುಕ್ಕಾಗಿದೆ. ‘ಬೆಸ್ಟ್ ಬ್ರಾಂಚ್, ಝೀರೋ ಓಡಿ’ (ಓವರ್‌ಡ್ಯೂ, ಅಂದರೆ ಬಾಕಿ ಕಂತು, ಸೊನ್ನೆ) ಅಂತ ಬರೆದಿದೆ, ಕೆಳಗೆ ನನ್ನ ಹೆಸರು, ಅದರಲ್ಲೂ ಒಂದು ಅಕ್ಷರ ತಪ್ಪು. ಹೆಂಡತಿ ಟಿವಿ ಪಕ್ಕ ಇಡೋಣ ಅಂದಳು. ಬೇಡ ಅಂದೆ. ‘ಯಾಕೆ, ಕಷ್ಟಪಟ್ಟು ತಗೊಂಡಿದ್ದಲ್ವಾ?’ ಅಂದಳು. ಕಷ್ಟಪಟ್ಟು ತಗೊಂಡಿದ್ದಲ್ಲ, 2,910 ರೂಪಾಯಿ ಕೊಟ್ಟು ತಗೊಂಡಿದ್ದು. ಅದನ್ನು ಅವಳಿಗೆ ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಕ್ರೋಫೈನಾನ್ಸಿನವನು. ಸಿಒ (ಹಳ್ಳಿ ಸುತ್ತಿ ಕಂತು ವಸೂಲಿ ಮಾಡುವವನು) ಆಗಿ ಬೈಕ್ ಹತ್ತಿದವನು ನಾಲ್ಕು ವರ್ಷಕ್ಕೆ ಬಿಎಂ (ಬ್ರಾಂಚ್ ಮ್ಯಾನೇಜರ್) ಆಗಿ ಹಾವೇರಿ ಜಿಲ್ಲೆಯ ಒಂದು ಬ್ರಾಂಚಿಗೆ ಬಂದೆ. ಕಂಪನಿ ಹೆಸರು ಬೇಡ. ‘ಸಾಲ ಕೊಡುವ ಕಂಪನಿ’ ಅಂದರೆ ನಮ್ಮ ಎಂಡಿ ಸಾಹೇಬರಿಗೆ ಆಗುತ್ತಿರಲಿಲ್ಲ, ‘ಸೋಶಿಯಲ್ ಎಂಟರ್‌ಪ್ರೈಸ್’ ಅನ್ನಬೇಕಿತ್ತು. ಪ್ರತಿ ಇಂಡಕ್ಷನ್ನಿಗೂ ತಾವೇ ಬಂದು ಜೋಬ್ರಾ ಕಥೆ ಹೇಳುತ್ತಿದ್ದರು. 1976, ಬಾಂಗ್ಲಾದೇಶದ ಒಂದು ಹಳ್ಳಿ, ಮುಹಮ್ಮದ್ ಯೂನುಸ್ ಅನ್ನುವ ಅರ್ಥಶಾಸ್ತ್ರದ ಮೇಷ್ಟ್ರು, 42 ಜನಕ್ಕೆ ಒಟ್ಟು 27 ಡಾಲರ್ ಸಾಲ, ಅದೂ ಸ್ವಂತ ಜೇಬಿನಿಂದ. ‘ಸ್ವಂತ ಜೇಬಿನಿಂದ’ ಅನ್ನುವಾಗ ಸಾಹೇಬರು ತಮ್ಮ ಅಂಗಿ ಜೇಬು ಮುಟ್ಟಿಕೊಳ್ಳುತ್ತಿದ್ದರು. ನನಗೆ ಮೈ ಜುಂ ಅನ್ನುತ್ತಿತ್ತು.

ನಿಜ ಹೇಳ್ತೀನಿ, ಅವರು ಕೆಟ್ಟವರಲ್ಲ. ಹಳ್ಳಿಗೆ ಬಂದರೆ ಚಾಪೆ ಮೇಲೇ ಕೂರುತ್ತಿದ್ದರು, ಖಡಕ್ ರೊಟ್ಟಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು, ಸಿಒ ಹುಡುಗರ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಆದರೆ ಜೋಬ್ರಾ ಕಥೆ ಹೇಳಿದವರು ಆಂಧ್ರದ ಕಥೆ ಒಂದು ದಿನವೂ ಹೇಳಲಿಲ್ಲ. ಅದನ್ನು ಹೇಳಿದ್ದು ನಮ್ಮ ಹಳೇ ಏರಿಯಾ ಮ್ಯಾನೇಜರ್. 2010ರಲ್ಲಿ ಅವರು ವಾರಂಗಲ್ ಕಡೆ ಸಿಒ ಆಗಿದ್ದರಂತೆ. ಸಾಲದ ಕಾಟಕ್ಕೆ ಆತ್ಮಹತ್ಯೆಗಳ ಸುದ್ದಿ, ಅಕ್ಟೋಬರ್‌ನಲ್ಲಿ ಸರ್ಕಾರದ ಸುಗ್ರೀವಾಜ್ಞೆ, ಆಮೇಲೆ ಸೆಂಟರ್‌ಗೆ (ಸಾಲ ತಗೊಂಡ ಹೆಂಗಸರ ಗುಂಪು ಸೇರುವ ಜಾಗಕ್ಕೆ) ಹೋದರೆ ಚಾಪೆ ಹಾಸುವವರೂ ಇಲ್ಲ. ‘ಅಲ್ಲಿ ತನಕ 99 ಪರ್ಸೆಂಟ್ ಕಲೆಕ್ಷನ್ ಇತ್ತು ಕಣೋ’ ಅಂದರು. ಮುದುಕರ ಕಥೆ ಅಂತ ನಾನು ನಕ್ಕಿದ್ದೆ.

47ನೇ ಸೆಂಟರ್ ಇದ್ದದ್ದು ಹಿರೇಕೆರೂರು ಕಡೆ. 18 ಜನ, 40,000ದ ಲೋನ್, ಹದಿನೈದು ದಿನಕ್ಕೊಮ್ಮೆ 970ರ ಕಂತು. ಬೆಳಿಗ್ಗೆ ಏಳೂವರೆಗೆ ಲೀಡರ್ ಅಕ್ಕನ ಪಡಸಾಲೆಯಲ್ಲಿ ಮೀಟಿಂಗ್. ಹೊಸದಾಗಿ ಸೇರಿದ ಸಿಒ ಹುಡುಗನಿಗೆ ರೂಟ್ ತೋರಿಸಲು ತಿಂಗಳೊಪ್ಪತ್ತು ನಾನೇ ಜೊತೆಗೆ ಹೋಗುತ್ತಿದ್ದೆ. ಒಂದು ಮೀಟಿಂಗಿನಲ್ಲಿ ಒಬ್ಬಾಕೆಯ ಕಂತು ಬರಲಿಲ್ಲ. ಗೋವಾಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಹೋದ ಗಂಡ ರೊಕ್ಕ ಕಳಿಸಿರಲಿಲ್ಲ. ಉಳಿದವರು ಸೇರಿ ಹಾಕಿ ಅಂದೆ, ಜೆಎಲ್‌ಜಿ (ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಗುಂಪು) ಅಂದಮೇಲೆ ಅದೇ ತಾನೆ? ‘ಹ್ವಾದ ಸಲನೂ ನಾವ ಹಾಕೀವ್ರಿ’ ಅಂದರು. 2022ರ ಆರ್‌ಬಿಐ ನಿಯಮದ ಪ್ರಕಾರ ವಸೂಲಿಗೆ ಅಂತ ಬೆಳಿಗ್ಗೆ 9ಕ್ಕೆ ಮುಂಚೆ ಮನೆ ಬಾಗಿಲಿಗೆ ಹೋಗುವ ಹಾಗಿಲ್ಲ, ಸಂಜೆ 6ರ ಮೇಲೂ ಇಲ್ಲ. 9ಕ್ಕೆ ಆಕೆ ಯಾರದೋ ಹೊಲದಲ್ಲಿ ಕೂಲಿಗೆ. ಒಳ್ಳೆಯ ನಿಯಮವೇ. ಟಾರ್ಗೆಟ್ ಶೀಟ್ ಮಾಡಿದವರು ಮಾತ್ರ ಅದನ್ನು ಓದಿರಲಿಲ್ಲ.

ಇನ್ನು ಟ್ಯಾಬ್. ಹದಿನೇಳು ಎಂಟ್ರಿ ಹಾಕಿ ‘ಕ್ಲೋಸ್’ ಒತ್ತಿದರೆ ಕ್ಲೋಸ್ ಆಗಲ್ಲ. ಓಡಿ ರೀಸನ್ ಹಾಕಬೇಕು, ಮನೆ ಮುಂದೆ ನಿಂತು ಜಿಪಿಎಸ್ ಫೋಟೊ ತೆಗೀಬೇಕು, ಲೀಡರ್ ಸಹಿ ಬೇಕು, ಎಎಂಗೆ (ಏರಿಯಾ ಮ್ಯಾನೇಜರ್‌ಗೆ) ಫೋನ್ ಹಚ್ಚಿ ಅನ್‌ಲಾಕ್ ಮಾಡಿಸಬೇಕು. ಆ ಊರಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಬುಡದಲ್ಲಿ ಮಾತ್ರ. ಸುಳ್ಳು ಎಂಟ್ರಿಗೆ ಎರಡು ಸೆಕೆಂಡ್, ನಿಜದ ಎಂಟ್ರಿಗೆ ಮುಕ್ಕಾಲು ಗಂಟೆ. ಈ ಸಾಫ್ಟ್‌ವೇರ್ ಮಾಡಿದ ಪುಣ್ಯಾತ್ಮ ಒಂದೇ ಒಂದು ಸೆಂಟರ್ ಮೀಟಿಂಗಿಗೆ ಬಂದು ಕೂತಿದ್ದರೆ!

ಮುಂದಿನ ಸೆಂಟರ್‌ಗೆ ಹೊತ್ತಾಗಿತ್ತು. ಪರ್ಸ್ ತೆಗೆದೆ. ಮುಂದಿನ ಕಂತಿಗೂ ತೆಗೆದೆ. ಅದರ ಮುಂದಿನದಕ್ಕೂ.

ಬೈಕಿನ ಹಿಂದೆ ಕೂತ ಹುಡುಗ ಕೇಳಿದ, ‘ಸರ್, ಹಿಂಗೆ ಮಾಡಬಹುದಾ?’

‘ಯೂನುಸ್ ಕೂಡ ಜೇಬಿಂದಲೇ ಕೊಟ್ಟಿದ್ದು ಕಣೋ’ ಅಂದೆ. ಎಂಥ ಮಾತು ಹೇಳಿದೆ ಅಂತ ನನಗೇ ಹೆಮ್ಮೆ. ಆ ಮೇಷ್ಟ್ರು ಕೊಟ್ಟದ್ದನ್ನು ಸಾಲ ಅಂತಲೇ ಕೊಟ್ಟರು. ನಾನು ಕೊಟ್ಟದ್ದನ್ನು ಆಕೆ ಕಟ್ಟಿದಳು ಅಂತ ಬರೆದೆ. ಇಷ್ಟು ನನ್ನ ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು.

2023ರ ಫೆಬ್ರವರಿಯಲ್ಲಿ ಇನ್ವೆಸ್ಟರ್ ವಿಸಿಟ್. ಎಂಐಎಸ್‌ನಲ್ಲಿ (ಕಂಪನಿಯ ಕಂಪ್ಯೂಟರ್ ಲೆಕ್ಕದಲ್ಲಿ) 47ರ ಎದುರು ಶುರುವಿನಿಂದ ಒಂದೂ ಕೆಂಪು ಗೆರೆ ಇಲ್ಲ, ಹೆಡ್ ಆಫೀಸಿನವರು ಅದನ್ನೇ ಆರಿಸಿದರು. ಬಂದವರು ನಾಲ್ಕು ಜನ: ಇಬ್ಬರು ಫಾರಿನ್‌ನವರು, ಒಬ್ಬರು ಮುಂಬೈಯವರು, ಲ್ಯಾಪ್‌ಟಾಪ್ ಹಿಡಿದ, ಬಾಯಿ ಬಿಡದ ಒಬ್ಬ ಹುಡುಗಿ. ಜೊತೆಗೆ ಎಂಡಿ ಸಾಹೇಬರು. ‘ಫೀಲ್ಡಿನವರೇ ಮಾತಾಡಬೇಕು’ ಅಂತ ಇಂಗ್ಲಿಷಿಗೆ ಹೇಳುವ ಕೆಲಸ ನನಗೆ ಹಚ್ಚಿದರು. ಪಡಸಾಲೆಯ ಒಂದು ಗೋಡೆ ಪೂರ್ತಿ ಗೋವಿನಜೋಳದ ಚೀಲ, ಇನ್ನೊಂದು ಬದಿ ಹೆಂಗಸರು, ನಡುವೆ ನಾನು.

ಪ್ರತಿಜ್ಞೆ ಆಯಿತು, ಎಮ್ಮೆ ತಗೊಂಡ ಕಥೆ, ಹೊಲಿಗೆ ಮಷಿನ್ ಕಥೆ ಆಯಿತು. ಆಮೇಲೆ ಫಾರಿನ್ ಮೇಡಂ ಕೇಳಿದರು: ಯಾರಿಗಾದರೂ ಕಂತು ಕಟ್ಟಲು ಆಗದಿದ್ದರೆ ಏನು ಮಾಡುತ್ತೀರಿ? ನಾನು ಪ್ರಶ್ನೆಯನ್ನು ಸರಿಯಾಗಿಯೇ ಹೇಳಿದೆ. ಅಲ್ಲೇ ತಿರುಚಬಹುದಿತ್ತು, ಬುದ್ಧಿ ಓಡಲಿಲ್ಲ.

ಲೀಡರ್ ಅಕ್ಕ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ನನ್ನ ಕಡೆ ಕೈ ತೋರಿಸಿ ಶುರುಮಾಡಿದಳು:

‘ಏನ್ ಹೇಳೂದ್ರಿ, ದೇವ್ರಂಥ ಮನಶ್ಯಾರು ಸಿಕ್ಕಾರ ನಮಗ. ಈಕಿ ಗಂಡ ಗೋವಾದಾಗ ಕುಂತಾನ, ರೊಕ್ಕ ಇಲ್ಲ ಏನಿಲ್ಲ. ಮೂರು ಕಂತು ಈ ಸರ್ರ ತಮ್ಮ ಕಿಸೇದಾಗಿಂದ ಕಟ್ಯಾರ್ರಿ. ಇಂಥಾ ಕಂಪ್ನಿ ಎಲ್ಲಿ ಸಿಗತೈತ್ರಿ?’

ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಮೂರನೇ ಸಾಲಿನಲ್ಲಿದ್ದ ಗೋವಾದವನ ಹೆಂಡತಿ ಎರಡೂ ಕೈ ಎತ್ತಿ ನನಗೆ ನಮಸ್ಕಾರ ಮಾಡಿದಳು.

ಆ ಹೊತ್ತು ಎಷ್ಟಿತ್ತೋ ಗೊತ್ತಿಲ್ಲ, ಹತ್ತು ಸೆಕೆಂಡ್ ಇರಬಹುದು. ಮೇಡಂ ಪೆನ್ನು ಹಾಳೆಯ ಮೇಲೆ ಇಟ್ಟು ನನ್ನ ಮುಖ ನೋಡುತ್ತಿದ್ದಾರೆ. ಒಡೆದ ಚೀಲದಿಂದ ಒಂದೊಂದೇ ಕಾಳು ಉದುರುತ್ತಿದೆ, ಕೋಳಿಯೊಂದು ಬಂದು ಬಂದು ಅದನ್ನು ಹೆಕ್ಕುತ್ತಿದೆ. ನನಗೆ ಆ ಟಕ್ ಟಕ್ ಬಿಟ್ಟು ಬೇರೇನೂ ಕೇಳಿಸುತ್ತಿಲ್ಲ. ಎಂಡಿ ಸಾಹೇಬರ ಕಡೆ ನೋಡಿದೆ. ಬೆಂಗಳೂರಿನವರು, ಕನ್ನಡ ಚೆನ್ನಾಗಿ ಬರುತ್ತದೆ. ‘ಮೂರು ಕಂತು’, ‘ಕಿಸೆ’ ಅರ್ಥವಾಗದಷ್ಟು ದೂರದ ಕನ್ನಡವೇನಲ್ಲ ಅದು. ಅವರು ತಲೆ ಎತ್ತಿ ತೊಲೆ ನೋಡುತ್ತಿದ್ದರು. ಹಳೇ ಕಾಲದ ಸಾಗುವಾನಿ ತೊಲೆ, ಚೆನ್ನಾಗಿಯೇ ಇತ್ತು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಒಬ್ಬರಿಗೆ ಕಷ್ಟ ಬಂದರೆ ಉಳಿದವರು ಕೂಡಿ ಕಟ್ಟುತ್ತಾರಂತೆ, ಒಗ್ಗಟ್ಟೇ ನಮ್ಮ ಬಲ ಅಂತಿದ್ದಾರೆ.

‘ವಂಡರ್‌ಫುಲ್’ ಅಂದರು ಮೇಡಂ. ಬರೆದುಕೊಂಡರು.

ಲೀಡರ್ ಅಕ್ಕ ಕೂರುವ ಮುಂಚೆ ನನ್ನನ್ನು ಕೇಳಿದಳು, ‘ನಾ ಹೇಳಿದ್ದೆಲ್ಲಾ ಹೇಳಿದ್ರಿ ಹೌದಿಲ್ರಿ ಸರ್?’

‘ಹೇಳಿದೆ ಅಕ್ಕಾರ.’

ಇನ್ವೆಸ್ಟರ್‌ಗೆ ಹೇಳಿದ ಸುಳ್ಳಿಗಿಂತ ಈ ‘ಹೇಳಿದೆ’ ಅನ್ನುವುದೇ ಇವತ್ತಿಗೂ ಚುಚ್ಚುತ್ತದೆ.

ಹೊರಗೆ ಗಾಡಿ ಹತ್ತುವಾಗ ಲ್ಯಾಪ್‌ಟಾಪ್ ಹುಡುಗಿ ಹತ್ತಿರ ಬಂದು ಕನ್ನಡದಲ್ಲೇ ಕೇಳಿದಳು, ‘ಸರ್, ಅವರು ಹೇಳಿದ್ದು ಅದಲ್ಲಲ್ಲ?’ ನಾನೊಬ್ಬ ಜಾಣ. ‘ಇಲ್ಲಿಯ ಕನ್ನಡ ಸ್ವಲ್ಪ ಬೇರೆ ಮೇಡಂ, ನಿಮಗೆ ಸರಿಯಾಗಿ ತಿಳಿದಿರಲಿಕ್ಕಿಲ್ಲ’ ಅಂದೆ.

‘ನಾ ಹುಬ್ಬಳ್ಳಿಯಾಕೀರಿ’ ಅಂದಳು. ನಕ್ಕಳು, ಗಾಡಿ ಹತ್ತಿದಳು. ಅವಳು ಅದನ್ನು ರಿಪೋರ್ಟಿನಲ್ಲಿ ಬರೆದಳೋ ಇಲ್ಲವೋ, ಫಂಡಿಂಗ್ ಅಂತೂ ಬಂತು.

ವಾಪಸ್ ಬರುವಾಗ ಎಂಡಿ ಸಾಹೇಬರು ನನ್ನನ್ನು ತಮ್ಮ ಗಾಡಿಯಲ್ಲೇ ಕೂರಿಸಿಕೊಂಡರು. ಈಗ ಕೇಳುತ್ತಾರೆ, ಆಗ ಕೇಳುತ್ತಾರೆ ಅಂತ ರಾಣೆಬೆನ್ನೂರು ತನಕ ಉಸಿರು ಹಿಡಿದು ಕೂತೆ. ಇಳಿಯುವಾಗ ಭುಜ ತಟ್ಟಿ, ‘ಚೆನ್ನಾಗಿ ಹ್ಯಾಂಡಲ್ ಮಾಡಿದ್ರಿ’ ಅಂದರು. ಅಷ್ಟೇ. ಎಷ್ಟು ಕಂತು, ಯಾಕೆ, ಬೇರೆ ಸೆಂಟರ್‌ಗಳಲ್ಲೂ ಇದೆಯಾ, ಒಂದೂ ಇಲ್ಲ. ಬೈಯುವ ಎಂಡಿಗಳ ಕೈಕೆಳಗೂ ಕೆಲಸ ಮಾಡಿದ್ದೇನೆ. ಅವರಿಗೆ ಕೆಟ್ಟ ಸುದ್ದಿ ಹೇಳಿ ಬೈಸಿಕೊಂಡು ಬಂದರೆ ಮುಗಿಯಿತು. ಕೆಟ್ಟ ಸುದ್ದಿ ಕೇಳಿ ಮುಖ ಬಾಡಿಸಿಕೊಳ್ಳುವ ಒಳ್ಳೆಯವರ ಹತ್ತಿರ ಕಷ್ಟ. ಅವರ ಮುಖ ಬಾಡದ ಹಾಗೆ ನೋಡಿಕೊಳ್ಳುವುದೇ ಕೆಳಗಿನವರ ಕೆಲಸ ಆಗಿಬಿಡುತ್ತದೆ, ಅದರ ಖರ್ಚೂ ಕೆಳಗಿನವರದ್ದೇ. ಏಪ್ರಿಲ್‌ನಲ್ಲಿ ಮೊಮೆಂಟೊ ಕೊಟ್ಟರು.

ನಮ್ಮ ಅವ್ವನೂ ಒಂದು ಸ್ವಸಹಾಯ ಸಂಘದಲ್ಲಿದ್ದಳು. ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆಯಂಥವರು ಶುರುಮಾಡಿದ್ದನ್ನು ನೋಡಿ 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತಲ್ಲ, ಆಮೇಲೆ ಊರೂರಿಗೆ ಹಬ್ಬಿದ ಸಂಘಗಳಲ್ಲಿ ಅದೂ ಒಂದು. ವಾರಕ್ಕೆ ಹತ್ತು ರೂಪಾಯಿ ಉಳಿತಾಯ, ಅವರದೇ ದುಡ್ಡು, ಅವರದೇ ಸಾಲ. ಯಾರಾದರೂ ಕಟ್ಟದಿದ್ದರೆ ಗಂಟೆಗಟ್ಟಲೆ ಜಗಳ ಆಡಿ, ಕೊನೆಗೆ ಪುಸ್ತಕದಲ್ಲಿ ‘ಬಂದಿಲ್ಲ’ ಅಂತ ಬರೆದು ಎದ್ದು ಬರುತ್ತಿದ್ದರು. ನಿರ್ವಾಹಕ ಮಂಡಳಿ, ಮಿಷನ್ ಸ್ಟೇಟ್‌ಮೆಂಟ್ ಏನೂ ಇಲ್ಲದ ಹೆಂಗಸರಿಗೆ ಆ ಒಂದು ಶಬ್ದ ಬರೆಯಲು ಅಂಜಿಕೆ ಇರಲಿಲ್ಲ.

ಮೊಮೆಂಟೊ ಬಂದ 2023ರಲ್ಲೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ. ಕೂಲಿ ಇಲ್ಲ, ಕಂತು ಇದೆ. ಒಬ್ಬೊಬ್ಬರ ಹೆಸರಲ್ಲಿ ಐದಾರು ಕಂಪನಿ ಸಾಲ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಕಂಪನಿ ಕೊಡಬಾರದು, ಒಟ್ಟು 2 ಲಕ್ಷ ದಾಟಬಾರದು ಅಂತ ಮೈಕ್ರೋಫೈನಾನ್ಸ್ ಕಂಪನಿಗಳ ಒಕ್ಕೂಟ ಎಂಫಿನ್ ಹೇಳಿದ್ದು 2024ರಲ್ಲಿ. ಅಷ್ಟೊತ್ತಿಗೆ ಒಂದರ ಕಂತಿಗೆ ಇನ್ನೊಂದರಲ್ಲಿ ಎತ್ತುವುದು ಶುರುವಾಗಿ ಎಷ್ಟೋ ಕಾಲವಾಗಿತ್ತು. ನಮ್ಮ ಬ್ರಾಂಚಿನ ಪಿಎಆರ್ (ಕಂತು ತಪ್ಪಿದ ಸಾಲಗಳ ಪಾಲು) ಮಾತ್ರ ಪಕ್ಕದ ಬ್ರಾಂಚ್‌ಗಳಷ್ಟು ಏರಲಿಲ್ಲ. ನನ್ನ ಕೈಗುಣ ಅಂದುಕೊಂಡೆ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಹುಡುಗ ಬರಲಿಲ್ಲ. ನನ್ನ ಟೇಬಲ್ ಮೇಲೆ ಟ್ಯಾಬ್, ಬೈಕ್ ಕೀಲಿ, ಹಿಂದಿನ ದಿನದ ಕ್ಯಾಶ್. ಎಣಿಸಿದೆ, ಡಿನಾಮಿನೇಶನ್ ಶೀಟಿಗೆ ರೂಪಾಯಿ ಸಮೇತ ತಾಳೆ ಆಯಿತು. ಪಕ್ಕದಲ್ಲಿ ಒಂದು ನೂರು ಪುಟದ ನೋಟ್‌ಬುಕ್. ಸೆಂಟರ್ ನಂಬರ್, ಹೆಸರು, ಮೊತ್ತ, ‘ವಾಪಸ್’ ಅಂತ ಒಂದು ಕಾಲಂ. ಒಟ್ಟು 41,300. ‘ವಾಪಸ್’ ಕಾಲಂ ಬಹುಪಾಲು ಖಾಲಿ. ಅವನ ಸಂಬಳ ಪಿಎಫ್ ಹೋಗಿ ಹದಿನೈದು ಸಾವಿರ ಚಿಲ್ಲರೆ.

ಮೂರನೇ ದಿನ ಫೋನ್ ಎತ್ತಿದ. ಲೋನ್ ಆ್ಯಪ್‌ನಲ್ಲಿ ಎತ್ತಿದ್ದು, ಭಾವನ ಹತ್ತಿರ ಇಸ್ಕೊಂಡಿದ್ದು ಎಲ್ಲ ಹೇಳಿದ. ನಾನು ಕೂಗಾಡಿದೆ, ನನಗೊಂದು ಮಾತು ಹೇಳೋಕೆ ಏನಾಗಿತ್ತು ಅಂತ.

‘ನೀವೂ ಕಟ್ತಿದ್ರಲ್ಲ ಸರ್’ ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಹಾಗೇ ಮಾಡುವ ಕೆಲಸ ಅಂದುಕೊಂಡಿದ್ದ, ಅಷ್ಟೇ.

ಆಡಿಟ್ ಬಂತು. ‘ಸಿಬ್ಬಂದಿಯ ವೈಯಕ್ತಿಕ ಲೋಪ, ನೀತಿ ಉಲ್ಲಂಘನೆ’ ಅಂತ ಟೈಪ್ ಮಾಡಿಕೊಂಡೇ ಬಂದಿದ್ದರು, ಬಿಎಂ ಸಹಿ ಬೇಕಿತ್ತು. ಹಾಕಿದೆ. ಸಹಿ ಹಾಕುವಾಗ ಮನೆ ಇಎಂಐ, ಮಗಳ ಫೀಸು ಎಲ್ಲ ತಲೆಯಲ್ಲಿತ್ತು, 47 ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಸುಗ್ರೀವಾಜ್ಞೆ ಬಂತು, ಕಿರುಕುಳ ಕೊಟ್ಟರೆ 10 ವರ್ಷ ಜೈಲು, 5 ಲಕ್ಷ ದಂಡ. ಆರ್‌ಬಿಐ ನೋಂದಣಿ ಇದ್ದ ನಮಗೆ ಅದು ಅನ್ವಯಿಸಲ್ಲ ಅಂತ ಹೆಡ್ ಆಫೀಸಿನಿಂದ ಸರ್ಕ್ಯುಲರ್ ಬಂತು. ಊರಿನವರಿಗೆ ಸರ್ಕ್ಯುಲರ್ ಹೋಗಿರಲಿಲ್ಲ. 47ರಲ್ಲಿ ಆ ತಿಂಗಳು ಕಟ್ಟಿದವರು ಇಬ್ಬರು. ಅದರಲ್ಲಿ ಒಬ್ಬಳು ಗೋವಾದವನ ಹೆಂಡತಿ.

ಆಮೇಲೆ ನಾನು ಎಚ್‌ಆರ್‌ಗೆ ಒಂದು ಪತ್ರ ಬರೆದೆ, 2,910ರ ಲೆಕ್ಕ, ದಿನಾಂಕ ಸಮೇತ. ಎಂಡಿ ಸಾಹೇಬರಿಗೂ ಒಂದು ಪ್ರತಿ. ಉತ್ತರ ಬರಲಿಲ್ಲ, ಟ್ರಾನ್ಸ್‌ಫರ್ ಬಂತು. ಹುಡುಗ ಬೆಂಗಳೂರಿನಲ್ಲಿ ಗೋಡೌನ್ ಕೆಲಸದಲ್ಲಿದ್ದಾನೆ. ತಿಂಗಳಿಗೆ ಇಷ್ಟು ಅಂತ ಅವನಿಗೆ ಹಾಕುತ್ತಿದ್ದೇನೆ. ‘ಬ್ಯಾಡ ಸರ್’ ಅಂತಾನೆ, ತಗೊಳ್ತಾನೆ.

ಹೊಸ ಬ್ರಾಂಚಿನಲ್ಲಿ ಹೋದ ವಾರ ಒಂದು ಸೆಂಟರ್‌ನಲ್ಲಿ ಒಂದು ಕಂತು ಬರಲಿಲ್ಲ. ಜೊತೆಗಿದ್ದ ಸಿಒ ನನ್ನ ಜೇಬಿನ ಕಡೆ ನೋಡಲಿಲ್ಲ, ಟ್ಯಾಬ್ ಕಡೆ ನೋಡಿದ. ಅವನಿಗೆ ಹಳೇದೇನೂ ಗೊತ್ತಿಲ್ಲ. ‘ಬಂದಿಲ್ಲ ಅಂತ ಹಾಕು’ ಅಂದೆ. ರೀಸನ್ ಕೇಳುತ್ತಿದೆ ಸರ್ ಅಂದ. ವಿಲ್‌ಫುಲ್, ಮೈಗ್ರೇಶನ್, ಡೆತ್, ಅದರ್ಸ್. ಮಗನಿಗೆ ಕಾಲೇಜ್ ಫೀಸ್ ಕಟ್ಟಿದಳು ಅನ್ನುವುದಕ್ಕೆ ಆಪ್ಶನ್ನೇ ಇಲ್ಲ. ‘ಅದರ್ಸ್’ ಒತ್ತಿದ. ಜಿಪಿಎಸ್ ಫೋಟೊಗೆ ಆಕೆಯ ಮನೆ ಕಡೆ ನಡೆಯುತ್ತಿದ್ದೆವು, ಅರ್ಧ ದಾರಿಯಲ್ಲೇ ಎಎಂ ಫೋನ್ ಬಂತು.